ನೀಲಿ ಹಾಳೆಯ ಹೀರೆಬೀಜ

ಸೊಸೆ ಮರಳಿಸಿದ ಪೊಟ್ಟಣ ಬಿಚ್ಚಿ, ಗುರುಲಿಂಗವ್ವ ಹೀರೆಬೀಜವೊಂದನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದಳು. ಒಣಬೀಜ ಕಟ್ ಅನ್ನಬೇಕು. ಇದು ಅನ್ನಲಿಲ್ಲ. ಕಮಟು ವಾಸನೆ. ಉಗುಳಿ ಸೊಸೆಯ ಮುಖ ನೋಡಿದಳು.

“ನೀರು ಮುಟ್ಟಿಸಿದ್ದೇನು?”

ಮಹೇಶ್ವರಿ ಶಾಲೆಯಿಂದ ಈಗಷ್ಟೇ ಬಂದಿದ್ದಳು. ಹೆಗಲ ಚೀಲ ಇಳಿಸಿರಲಿಲ್ಲ. ಹುನಗುಂದದಲ್ಲಿ ಕಟ್ಟು ಹಾಕಿಸಿ ತಂದ ಹೀರೆಬೀಜದ ಚಿತ್ರ ಕಂಕುಳಲ್ಲೇ ಇತ್ತು. ಔಷಧ ಬಳಿದ ಹಾಳೆಯ ಮೇಲೆ ಬೀಜ ಹರವಿ ಬಿಸಿಲಿಗಿಟ್ಟರೆ ಹಾಳೆಯೆಲ್ಲ ನೀಲಿಯಾಗಿ, ಬೀಜವಿದ್ದ ಜಾಗವಷ್ಟೇ ಬಿಳಿ ಉಳಿಯುತ್ತದೆ. ಬೇವೂರಿನ ಬದನೆ, ಇಳಕಲ್ಲಿನ ಅವರೆ, ಬಾದಾಮಿಯ ಸೌತೆ ಆಗಲೇ ಹಾಳೆಗಿಳಿದಿದ್ದವು. ಹಳೆಯ ಬೀಜಗಳು ಅಳಿಯುವ ಮೊದಲು ಹೀಗೆ ದಾಖಲು ಮಾಡಬೇಕೆಂದು ಈ ಡ್ರಾಯಿಂಗ್ ಟೀಚರು ಎರಡು ವರ್ಷದಿಂದ ಹೆಣಗುತ್ತಿದ್ದಳು.

“ಬರೇ ಹಾಳಿ ಹಸಿ ಮಾಡಿದ್ದೆರಿ, ಅತ್ತಿ. ಹಸಿ ಇದ್ರ ನೀಲಿ ಚೊಲೋ ಹರೀತೈತಿ.”

“ಎಷ್ಟೊತ್ತು ಇಟ್ಟಿದ್ದಿ?”

“ಮುಂಜಾನೆ ಗಾಜಿನ ಕೆಳಗ ಇಟ್ಟು ಸಾಲಿಗಿ ಹೋದೆ. ಹೊಳ್ಳಿ ಬರೂದ್ರಾಗ ಸಂಜಿ ಆಗಿತ್ತು.”

“ಅಂದ್ರ ಮೊದಲ ನೆನಸಿದಿ, ಆಮ್ಯಾಲ ಹುರದಿ. ಉಪ್ಪೊಂದು ಹಾಕೂದು ಉಳೀತು.”

ಮರೋಳದಿಂದ ಮದುವೆಯಾಗಿ ಬರುವಾಗ ತಾಯಿ ಉಡಿಯಲ್ಲಿ ಕಟ್ಟಿ ಕಳಿಸಿದ್ದ ಬಿಳಿ ಹೀರೆ ಅದು. ಯಾರು ಕೇಳಿದರೂ ಅರ್ಧ ಬೀಜ ಬೂದಿಯ ಗಡಿಗೆಯಲ್ಲೇ ಉಳಿಸಿಕೊಂಡು ಕೊಡಬೇಕು. ಅದು ತಾಯಿಯ ಮಾತು. ಊರೆಲ್ಲ ಪಾಕೀಟಿನ ಬೀಜಕ್ಕೆ ಹೊರಳಿದ ಮೇಲೂ ಗುರುಲಿಂಗವ್ವ ಆ ಮಾತು ಮೀರಿರಲಿಲ್ಲ. ಈ ವರ್ಷ ಉಳಿದದ್ದು ಇಪ್ಪತ್ತೊಂದೇ ಬೀಜ. “ಹಾಳಿ ತುಂಬಬೇಕ್ರಿ, ಹತ್ತು ಸಾಲಂಗಿಲ್ಲ” ಎಂದು ಸೊಸೆ ಕೇಳಿದಾಗ, ಮನೆಯ ಬೀಜ ಮನೆಯಲ್ಲೇ ಇರುತ್ತದಲ್ಲ ಎಂದು ಗಡಿಗೆಯನ್ನೇ ಬೋರಲು ಹಾಕಿ ಅಷ್ಟನ್ನೂ ಕೊಟ್ಟಿದ್ದಳು.

“ಬಾಜೂ ಮನಿ ಸುಂದರವ್ವನ ಕಡೆ ಈ ಬೀಜ ಇರಬಹುದಲ್ರಿ?”

“ಅಕಿ ನನ್ನ ಕಡೆನ ಬೇಡಾಕ ಬರ್ತಾಳವ್ವಾ. ಮಳಿ ಬಿತ್ತಲ್ಲ, ನಾಳೆ ಬಂದಾಳು.”

ಉಳಿದ ಇಪ್ಪತ್ತು ಬೀಜಗಳನ್ನು ಮಹೇಶ್ವರಿ ಹಸಿಬಟ್ಟೆಯಲ್ಲಿ ಕಟ್ಟಿಟ್ಟಳು. ದಿನಕ್ಕೆ ಮೂರು ಸಲ ಬಿಚ್ಚಿ ನೋಡಿದಳು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಹೋಗಿ ನೋಡಿದಳು. ಎಂಟನೆಯ ದಿನ ಬಟ್ಟೆಗೆ ಬೂಸಲು ಹಿಡಿದಿತ್ತು. ಒಂದೂ ಮೊಳೆತಿರಲಿಲ್ಲ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಇಟ್ಟಿದ್ದ ಚಿತ್ರವನ್ನು ಎತ್ತಿ, ಸೆರಗಿನಿಂದ ಗಾಜು ಒರೆಸಿದಳು. ಕಡುನೀಲಿಯಲ್ಲಿ ಇಪ್ಪತ್ತೊಂದು ಬಿಳಿ ಬೀಜ. ಒಂದೂ ಕಡಿಮೆಯಿಲ್ಲ.

“ಚೊಲೋ ಬಂದೈತಿ. ಗ್ವಾಡಿಗೆ ಹಾಕು.”

“ಎಲ್ಲಿರಿ, ಅತ್ತಿ?”

ಗುರುಲಿಂಗವ್ವ ಪಡಸಾಲೆಯತ್ತ ಕೈ ಮಾಡಿದಳು. ಅಲ್ಲಿ ತೀರಿಹೋದ ಮಾವನ ಫೋಟೋ, ಅದರ ಪಕ್ಕ ಮಾವನ ತಾಯಿತಂದೆಯರದು. ಸಾಲಿನ ಕೊನೆಗೆ ಒಂದು ಜಾಗ ಖಾಲಿ ಇತ್ತು.

ಮಹೇಶ್ವರಿ ಮೊಳೆ ಹೊಡೆದಳು. ಎರಡು ಸಲ ಬಾಗಿತು. ಚಿತ್ರ ನೆಟ್ಟಗೆ ನಿಂತ ಮೇಲೆ ಗುರುಲಿಂಗವ್ವ ವಿಭೂತಿ ನೆನೆಸಿದಳು. ದಿನಾ ಗಂಡನ ಫೋಟೋದ ಗಾಜಿಗೆ ಎಳೆಯುವಂತೆಯೇ ಬೀಜಗಳ ಮೇಲೂ ಮೂರು ಬೆರಳು ಎಳೆದಳು.