ಮೊದಲ ಕಂಬಕ್ಕೆ ಕುಂಕುಮ

ಸಿದ್ದೇಶ್ವರಿ ಬೇಲಿಯ ಮೊದಲ ಕಂಬವನ್ನು ಗುಂಡಿಗಿಳಿಸುತ್ತಿದ್ದಾಗ ಪಕ್ಕದ ಮನೆಯ ಚೈತನ್ಯಾ ವರಮಹಾಲಕ್ಷ್ಮಿ ಹಬ್ಬದ ಒಬ್ಬಟ್ಟು ಕೊಡಲು ಹಿತ್ತಲಿಗೆ ಬಂದಳು. ತಟ್ಟೆಯಲ್ಲಿ ಕುಂಕುಮದ ಬಟ್ಟಲೂ ಇತ್ತು. ಗಂಡ ಮಹಾಂತಪ್ಪ ತೀರಿಕೊಂಡ ಮೇಲೆ ಬರಿದಾಗಿದ್ದ ಸಿದ್ದೇಶ್ವರಿಯ ಹಣೆ ಕಂಡು, ಬಟ್ಟಲಿನ ಮೇಲೆ ಮೆಲ್ಲಗೆ ತನ್ನ ದುಪಟ್ಟಾ ಎಳೆದಳು.

"ಯಾಕಾಂಟಿ ಇಷ್ಟು ಕಷ್ಟ? ಸ್ಟೋರ್‌ನಲ್ಲಿ ರೆಡಿ ಪೋಸ್ಟ್ ಸಿಗುತ್ತೆ, ಆರ್ಡರ್ ಮಾಡ್ತೀನಿ."

"ಬ್ಯಾಡ. ಇದು ನಮ್ಮ ಮನಿಯವರು ಈ ದೇಶಕ್ಕ ಬಂದಾಗ ಹಚ್ಚಿದ ಚೆಸ್ಟ್‌ನಟ್ ಗಿಡ. ಮಣ್ಣಾಗ ಲಗೂನ ಕೊಳಿಯೂದಿಲ್ಲ. ನಾ ಹೋದ ಮ್ಯಾಲೂ ನಿಂತಿರ್ತದ."

ಬಿರುಗಾಳಿಗೆ ಉರುಳಿದ ಆ ಮರವನ್ನು ಬೆಣೆ ಹೊಡೆದು ಸೀಳಿ, ತೊಗಟೆ ಸುಲಿದವಳು ಅವಳೇ. ಹಸಿಮರದ ಒಗರು ರಸ ಬೆಣೆಯ ಕಬ್ಬಿಣಕ್ಕೆ ತಾಗಿ ಅವಳ ಬೆರಳುಗಳು ಇದ್ದಿಲಿನಂತೆ ಕಪ್ಪಾಗಿದ್ದವು. ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಗುಂಡಿಗೆ ಮಣ್ಣು ತುಂಬಿ, ಗಟ್ಟಿಯಾಗಿ ತುಳಿದು, ಕಂಬವನ್ನೊಮ್ಮೆ ಅಲುಗಿಸಿ ನೋಡಿದಳು. ಅದು ಮಿಸುಕಲಿಲ್ಲ. ಆ ಕಪ್ಪು ಕೈಯನ್ನೇ ಚಾಚಿದಳು.

"ಕುಂಕುಮ ಕೊಡವಾ. ಮದವಿ ಹಂದರ ಹಾಕುವಾಗ ಮೊದಲನೇ ಕಂಬಕ್ಕ ಹಚ್ಚತೀವಲ್ಲ, ಹಂಗ ಇದಕ್ಕೂ ಹಚ್ಚಬೇಕು."

ಚೈತನ್ಯಾ ದುಪಟ್ಟಾ ಸರಿಸಿದಳು. ಸಿದ್ದೇಶ್ವರಿ ಬೆರಳದ್ದಿ ಕಂಬಕ್ಕೆ ಬೊಟ್ಟಿಟ್ಟಳು. ಮತ್ತೊಮ್ಮೆ ಅದ್ದಿ, ತನ್ನ ಹಣೆಗೂ ಇಟ್ಟುಕೊಂಡಳು.

"ಹೂಂ," ಎಂದಳು, "ಎರಡನೇ ಕಂಬ ಹಿಡಿ ಬಾ."