ಲ್ಯಾಟಿನ್ ಬಲ್ಲವರು

“ಕೆನ್ನೆಗೆ ಎಂತ ಆದದ್ದು ನಿನಗೆ?”

ಅವಲಕ್ಕಿಯ ತಟ್ಟೆ ಕೈಯಲ್ಲಿರುವಾಗಲೇ ವೆಂಕಟಕೃಷ್ಣರು ಹುಡುಗಿಯನ್ನು ಕೇಳಿಬಿಟ್ಟರು. ಮಗ ಶರತ್ಚಂದ್ರನಿಗೆ ಹೆಣ್ಣು ನೋಡಲು ಮಂಜೇಶ್ವರದಿಂದ ಬದಿಯಡ್ಕಕ್ಕೆ ಬಂದವರು. ಬಂದ ಗಳಿಗೆಯಿಂದ ಅವರದೇ ಮಾತು. ಜಗಲಿಯಲ್ಲಿ ಬಿಸಿಲೆಂದು ಮಗನನ್ನು ಒಳಗೆ ಕೂರಿಸಿದ್ದೂ ಅವರೇ. ಮೂವತ್ತು ದಾಟಿದ ಆ ಮಗ ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು, ಮುಖಕ್ಕೆ ದಪ್ಪಗೆ ಪೌಡರ್ ಬಳಿದುಕೊಂಡು, ತಾನೇ ಮದುಮಗಳೆಂಬಂತೆ ತಲೆ ತಗ್ಗಿಸಿ ಕೂತಿದ್ದ.

“ಬಿಸಿಲಿಗೆ ಸ್ವಲ್ಪ...” ಹುಡುಗಿಯ ತಾಯಿ ಸೌದಾಮಿನಿ ತಡವರಿಸಿದರು.

“ಬಿಸಿಲಲ್ಲ ಅಮ್ಮ,” ಎಂದಳು ಶ್ರೀರಂಜಿನಿ. ಕೆನ್ನೆಯ ಕೆಂಪನ್ನು ಮುಚ್ಚಲು ಅವಳು ಏನನ್ನೂ ಹಚ್ಚಿಕೊಂಡಿರಲಿಲ್ಲ. “ಲೂಪಸ್ ಅಂತ ಕಾಯಿಲೆ, ಬಿಸಿಲು ತಾಗಿದರೆ ಜೋರಾಗ್ತದೆ. ಮಂಗಳೂರಿನಲ್ಲಿ ಮದ್ದು ಮಾಡ್ತಾ ಇದ್ದೇನೆ, ಹತೋಟಿಯಲ್ಲಿ ಉಂಟು. ಇಂಥದ್ದನ್ನು ಮೊದಲೇ ಹೇಳಿಬಿಡುವುದು ಒಳ್ಳೇದಲ್ವಾ?”

ಕೊನೆಯ ಮಾತನ್ನು ಶರತ್ಚಂದ್ರನನ್ನು ನೋಡಿ ಹೇಳಿದಳು. ಅವನು ತಲೆ ಎತ್ತಲಿಲ್ಲ.

ವೆಂಕಟಕೃಷ್ಣರು ತಟ್ಟೆ ಕೆಳಗಿಟ್ಟರು. ವಿದ್ಯೆ ತೋರಿಸಲು ಸಿಕ್ಕ ಅವಕಾಶವನ್ನು ಬಿಡುವವರಲ್ಲ.

“ಲೂಪಸ್! ಅರ್ಥ ಗೊತ್ತುಂಟಾ? ಲ್ಯಾಟಿನ್ ಭಾಷೆಯಲ್ಲಿ ತೋಳ. ತೋಳ ಕಚ್ಚಿದ ಹಾಗೆ ಮುಖ ಆಗ್ತದೆ ಅಂತ ಹಿಂದಿನ ಕಾಲದ ವೈದ್ಯರು ಇಟ್ಟ ಹೆಸರು.” ಒಮ್ಮೆ ನಕ್ಕರು. “ನಮ್ಮದು ಮರ್ಯಾದಸ್ಥರ ಮನೆ. ತೋಳವನ್ನು ಸೊಸೆ ಅಂತ ಒಳಗೆ ಕರೀಲಿಕ್ಕೆ ಆಗ್ತದಾ?”

ಸೌದಾಮಿನಿಯ ಕಣ್ಣು ತುಂಬಿತು. ಶ್ರೀರಂಜಿನಿ ಹುಡುಗನ ಕಡೆ ತಿರುಗಿದಳು.

“ನೀವೆಂತ ಹೇಳ್ತೀರಿ?”

“ಅಪ್ಪ ಹೇಳಿದ ಹಾಗೆ,” ಎಂದ ಶರತ್ಚಂದ್ರ, ನೆಲಕ್ಕೆ.

ಅಪ್ಪ ಮಗ ಇಬ್ಬರೂ ಎದ್ದರು. ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ಆದರೂ ವೆಂಕಟಕೃಷ್ಣರು ಕೊಡೆ ಬಿಡಿಸಿ, ತಾವು ಬಿಸಿಲಲ್ಲೇ ನಡೆಯುತ್ತ, ಮಗನಿಗೆ ನೆರಳು ಹಿಡಿದು ಕಾರಿನವರೆಗೆ ಕರೆದೊಯ್ದರು.

ಕಾರು ಗೇಟು ದಾಟಿದ್ದೇ ಸೌದಾಮಿನಿ ಮಗಳ ಮೇಲೆ ಹರಿಹಾಯ್ದರು.

“ಬಂದ ಸಂಬಂಧವನ್ನೆಲ್ಲ ಬೇಡ ಅಂದವಳು ನೀನು. ಇದೊಂದು ಆಗ್ಬೇಕು ಅಂತ ಹಟ ಹಿಡಿದದ್ದೂ ನೀನೇ! ಆ ಹುಡುಗನ ಫೋಟೋದಲ್ಲಿ ನಿನಗೆ ಎಂತ ಕಂಡದ್ದು?”

“ಫೋಟೋದಲ್ಲಿ ಅಲ್ಲಮ್ಮ, ಅವನನ್ನೇ ಕಂಡಿದ್ದೆ. ನನ್ನ ಕಷ್ಟ ಅವನಿಗಾದರೂ ಗೊತ್ತಾಗ್ತದೆ ಅಂದುಕೊಂಡೆ.” ಅವಳು ಕಣ್ಣೊರೆಸಿಕೊಂಡಳು. “ಮಂಗಳೂರಿನ ಆಸ್ಪತ್ರೆಯಲ್ಲಿ ನನಗಿಂತ ಮೊದಲಿನ ಸರದಿ ಅವನದ್ದು. ಬಾಗಿಲು ತೆರೆದೇ ಇತ್ತು. ಅವನ ಅಪ್ಪನನ್ನು ಪಕ್ಕದಲ್ಲಿ ಕೂರಿಸಿ, ಮಗನ ಕೆನ್ನೆಯನ್ನೇ ತೋರಿಸಿ, ಡಾಕ್ಟ್ರು ಆ ಲ್ಯಾಟಿನ್ ಹೇಳಿಕೊಡ್ತಾ ಇದ್ದರು.”