ಲಿವರಿನಲ್ಲಿ ಕೂತ ಕಳ್ಳ

"ಸುಳ್ಳು ಹೇಳಿದ್ರೆ ಔಷಧಿ ತಪ್ಪುತ್ತೆ ಮೇಷ್ಟ್ರೇ," ಎಂದು ಡಾಕ್ಟರು ಮೂರನೇ ಸಲ ಹೇಳಿದರು.

ನಿವೃತ್ತ ಹೆಡ್‌ಮಾಸ್ಟರು ನೆಟ್ಟಗೆ ಕೂತರು. ಕಾಪಿ ಹೊಡೆದ ಹುಡುಗರ ಕಿವಿಯನ್ನು ಮೂವತ್ತು ವರ್ಷ ಹಿಂಡಿದವರು. ಅವರನ್ನೇ ವಿಚಾರಣೆ ಮಾಡುವುದೆಂದರೇನು! ಹಿಂದೆ ಸೊಸೆ ಫೈಲು ಹಿಡಿದು ನಿಂತಿದ್ದಳು. ಮಾವನಿಗೆ ಎದುರಾಡಿ ಅವಳಿಗೆ ಗೊತ್ತೇ ಇಲ್ಲ.

ಮೇಷ್ಟ್ರಿಗೆ ಎರಡು ತಿಂಗಳಿಂದ ಬಿಟ್ಟು ಬಿಟ್ಟು ಬರುವ ಜ್ವರ. ಲಿವರಿನ ಚೂರು ತೆಗೆದು ನೋಡಿದರೆ ಅಲ್ಲಲ್ಲಿ ಸಣ್ಣ ಗಂಟುಗಳು. ಬ್ಯಾಕ್ಟೀರಿಯಾದ್ದೇ ಕೆಲಸ ಎಂದು ಡಾಕ್ಟರ ಅನುಮಾನ. ಆದರೆ ಯಾವ ಬ್ಯಾಕ್ಟೀರಿಯಾ ಎಂದು ಗಂಟು ಹೇಳಬೇಕಲ್ಲ! ಒಂದೊಂದಕ್ಕೂ ಒಂದೊಂದು ಔಷಧಿ. ತಪ್ಪು ಔಷಧಿ ತಡೆದುಕೊಳ್ಳುವ ಶಕ್ತಿ ಆ ಲಿವರಿಗೆ ಉಳಿದಿರಲಿಲ್ಲ.

ಡಾಕ್ಟರು ಪಟ್ಟಿ ಹಿಡಿದರು. ಕ್ಷಯವೇ? ಯಾವ ಪರೀಕ್ಷೆಯಲ್ಲೂ ಸುಳಿವಿಲ್ಲ. ಅದಕ್ಕೆ ಗೀಟು. ಹಸಿ ಹಾಲಿನಿಂದ ಬರುವ ಬ್ರುಸೆಲ್ಲಾ? ಕಾಯಿಸದ ಹಾಲು ತಮ್ಮ ನಾಲಿಗೆಗೆ ಸೋಕಿಲ್ಲ ಎಂದು ಹೆಡ್‌ಮಾಸ್ಟರು ಎದೆ ಮುಟ್ಟಿಕೊಂಡು ಹೇಳಿದರು. ಅದಕ್ಕೂ ಗೀಟು. ಸೊಸೆಗೆ ಯಾಕೋ ಕೆಮ್ಮು ಬಂತು.

ಉಳಿದದ್ದು ಬೆಕ್ಕು ಪರಚಿ ಬರುವ ಕಾಯಿಲೆ. "ಮನೇಲಿ ಬೆಕ್ಕು ಇದೆಯೇನಮ್ಮ?"

ಸೊಸೆ ಫೈಲನ್ನು ಎದೆಗೊತ್ತಿಕೊಂಡಳು. "ಇದೆ ಡಾಕ್ಟ್ರೇ. ಕಳ್ಳಬೆಕ್ಕು. ಆಡಿನ ಹಾಲು ತಂದಿಟ್ಟು ನಾನು ಒಲೆ ಹಚ್ಚೋದ್ರೊಳಗೆ ಬಾಯಿ ಹಾಕಿರತ್ತೆ."

ಹೆಡ್‌ಮಾಸ್ಟರು ಗೋಡೆಯ ಕ್ಯಾಲೆಂಡರು ಓದತೊಡಗಿದರು.

ಡಾಕ್ಟರ ಕಣ್ಣರಳಿತು. "ಪರಚತ್ತಾ?"

"ಏನಾದ್ರೂ ಕೇಳೋಕೆ ಹೋದ್ರೆ ಮೈಮೇಲೇ ಬೀಳತ್ತೆ."

ಅದು ಮಲಗುವುದೆಲ್ಲಿ ಎಂದು ಕೇಳಿದ್ದಕ್ಕೆ, ಮಾವನ ಹಾಸಿಗೆಯಲ್ಲೇ ಎಂದಳು.

ಸಿಕ್ಕಿಬಿದ್ದ ಕಳ್ಳ, ಎಂದುಕೊಂಡರು ಡಾಕ್ಟರು. ಸರಸರನೆ ಚೀಟಿ ಬರೆದರು. ಔಷಧಿ ಇವತ್ತೇ ಶುರು. ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ, ಚೀಲದ ಬಾಯಿ ಕಟ್ಟಿ, ಊರಾಚೆ ಬಿಟ್ಟುಬರಬೇಕು ಎಂದು ಅಪ್ಪಣೆಯೂ ಆಯಿತು.

ಸೊಸೆಯ ಮುಖ ಬಿಳುಚಿತು. ಚೀಟಿಗೆ ಅವಳು ಕೈಚಾಚಲಿಲ್ಲ. "ಹಾಗೆ ಮಾಡಿದ್ರೆ ನಮ್ಮನೆಯವರು ನನ್ನನ್ನ ಸುಮ್ನೆ ಬಿಡ್ತಾರಾ? ಹುಟ್ಟಿದಾಗಿಂದ ಅದರ ಜೊತೇಲೇ ಬೆಳೆದವರು."

ಡಾಕ್ಟರಿಗೆ ರೇಗಿತು. "ನಿಮಗೆ ಬೆಕ್ಕು ಬೇಕೋ, ಮಾವ ಬೇಕೋ?"

ಅವಳ ಕಣ್ಣು ತುಂಬಿತು. ಮಾವನೆಂದರೆ ಅವಳಿಗೆ ಪ್ರಾಣ. ತಿರುಗಿ ಅವರ ಕಡೆಗೇ ನೋಡಿದಳು.

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು.

"ಗೋಣಿಚೀಲ ಬೇಡ ಡಾಕ್ಟ್ರೇ. ಇನ್ಮೇಲೆ ಹಾಲು ಕಾಯಿಸಿಕೊಂಡೇ ಕುಡೀತೀನಿ."